ಗೃಹಸ್ಥರ ವಿಚಾರ: ಶರದಾರಂಭದಲ್ಲಿ ಧಾರವಾಡಕ್ಕೆ

ಹೆಸರು ಒಕ್ಕಿ ಮುಗಿದು, ಹಿಂಗಾರಿ ಜೋಳದ ಬಿತ್ತಿಗೆಗೆ ಇನ್ನೂ ಕೆಲವು ದಿನಗಳಿರುವಾಗ ನಮ್ಮ ಬೇವೂರಿನ ಕಡೆಯ ಒಕ್ಕಲು ಮನೆಗಳಿಗೆ ತುಸು ಬಿಡುವು ದೊರೆಯುವುದುಂಟು. ಪಂಚಾಂಗದಂತೆ ಶರದೃತುವು ಆಶ್ವಿನ ಮಾಸದಿಂದ ಮೊದಲಾಗುವುದಾದರೂ, ಹುಬ್ಬೆ ಮಳೆ ಹಿಂದೆ ಸರಿಯುತ್ತಲೇ ಆಕಾಶವು ತಿಳಿಯಾಗತೊಡಗಿ ಅದರ ಬರವನ್ನು ಮುಂಚಿತವಾಗಿ ಸಾರುತ್ತದೆ. ಈ ಬಿಡುವಿನಲ್ಲಿ ಬೀಗರ ಮನೆಗೆ ಹೋಗುವವರಿರುವರು, ದೇವರಿಗೆ ಹೋಗುವವರಿರುವರು. ಆದರೆ ಯಾರ ಮಗನಾಗಲಿ ಮಗಳಾಗಲಿ ಈ ವರುಷ ಧಾರವಾಡದ ಕಾಲೇಜಿಗೆ ಸೇರಿರುವರೋ ಅಂಥ ಗೃಹಸ್ಥರು ಈ ಬಿಡುವನ್ನು ಆ ಊರಿಗಾಗಿಯೇ ಮೀಸಲಿಡಬೇಕೆಂಬುದು ನಮ್ಮ ಈ ತಿಂಗಳಿನ ಸೂಚನೆ.

ಹೋಗುವ ಅಗತ್ಯವೇನು, ದಿನವೂ ಫೋನಿನಲ್ಲಿ ಮಾತು ಆಗುತ್ತಿದೆಯಲ್ಲ ಎಂದು ಕೆಲವರು ಕೇಳಬಹುದು. ಫೋನಿನಲ್ಲಿ ಮಕ್ಕಳು ಹೇಳುವುದು ಒಂದೇ ಮಾತು: “ಎಲ್ಲಾ ಛಲೋ ಐತಿ ಯವ್ವಾ, ಕಾಳಜಿ ಮಾಡಬ್ಯಾಡ.” ಈ ಮಾತು ನಿಜವಿರಬಹುದು, ತಾಯಿಯ ನಿದ್ದೆ ಕೆಡಬಾರದೆಂದು ಆಡಿದ ಮಾತೂ ಆಗಿರಬಹುದು. ಇತ್ತ ಊರಿನಲ್ಲಿಯೋ, ಪಟ್ಟಣದ ಹುಡುಗಿಯರ ವಿಷಯವಾಗಿ ಕಟ್ಟೆಯ ಮೇಲಿನ ಹರಟೆಗೆ ಕೊನೆಯೇ ಇಲ್ಲ. ಮಗುವಿನ ಅರ್ಧ ಮಾತು, ಕಟ್ಟೆಯ ಗಾಳಿಮಾತು, ಇವೆರಡರ ನಡುವೆ ಕುಳಿತು ತಂದೆಯು ಒಂದು ದಿನ “ಇಷ್ಟು ಓದಿದ್ದು ಸಾಕು” ಎಂದುಬಿಟ್ಟರೆ, ಒಂದು ಜೀವದ ಮುಂದಿನ ಹಾದಿಯೇ ಮುಚ್ಚಿದಂತಾಯಿತು. ಕಣ್ಣಾರೆ ಕಾಣದೆ ಹೊಲವನ್ನು ಕೊಳ್ಳದ ನಾವು, ಕಣ್ಣಾರೆ ಕಾಣದೆ ಮಕ್ಕಳ ವಿದ್ಯೆಯನ್ನು ನಿಲ್ಲಿಸುವುದು ಯಾವ ನ್ಯಾಯ?

ಈ ವಿದ್ಯೆ ನಮ್ಮ ಬಾಗಿಲಿಗೆ ಇಷ್ಟು ಹತ್ತಿರ ಬಂದುದೂ ಸುಲಭವಾಗಿ ಅಲ್ಲ. ಮುಂಬಯಿ ಇಲಾಖೆಯ ಕಾಲದಲ್ಲಿ ನಮ್ಮ ಕಡೆಯ ಹುಡುಗರು ಪದವಿಯ ಅಭ್ಯಾಸಕ್ಕಾಗಿ ಪುಣೆ ಮುಂಬಯಿಗಳ ಹಾದಿ ಹಿಡಿಯಬೇಕಾಗಿತ್ತು. ಧಾರವಾಡದವರೇ ಆದ ಬೇಂದ್ರೆಯವರು ಸಹ ಓದಿದ್ದು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ. ರೊದ್ದ ಶ್ರೀನಿವಾಸರಾಯರು, ಅರಟಾಳ ರುದ್ರಗೌಡರು ಮೊದಲಾದ ಹಿರಿಯರ ಪ್ರಯತ್ನದಿಂದ 1917ರಲ್ಲಿ ಕರ್ನಾಟಕ ಕಾಲೇಜು ಧಾರವಾಡದಲ್ಲಿ ಆರಂಭವಾಯಿತು. 1949ರಲ್ಲಿ ಮುಂಬಯಿಯಲ್ಲಿ ಸ್ಥಾಪಿತವಾದ ಕರ್ನಾಟಕ ವಿಶ್ವವಿದ್ಯಾಲಯವು ಮರುವರುಷವೇ ಇಲ್ಲಿಗೆ ಬಂದಿತು. ಕೃಷಿ ಕಾಲೇಜು 1947ರದು. ಅದನ್ನು ಒಳಗೊಂಡ ಕೃಷಿ ವಿಶ್ವವಿದ್ಯಾಲಯ 1986ರದು. ಮಕ್ಕಳು ದೂರ ಹೋಗಬಾರದೆಂದು ಹಿರಿಯರು ಇಷ್ಟೆಲ್ಲ ದುಡಿದಿರುವಾಗ, ಒಂದು ದಿನದ ಪ್ರಯಾಣಕ್ಕೆ ನಾವು ಬೇಸರಿಸುವುದು ತರವಲ್ಲ.

ಕಾಲದ ವಿಷಯ. ಮಗುವನ್ನು ಸೇರಿಸಿ ಬಂದ ದಿನ ಎಲ್ಲವೂ ಹೊಸದು. ಆಗ ಕಂಡದ್ದರಿಂದ ಏನೂ ತಿಳಿಯದು. ಪರೀಕ್ಷೆಯ ಕಾಲದಲ್ಲಿ ಹೋದರೆ ಅಭ್ಯಾಸಕ್ಕೆ ವಿಘ್ನ. ದಸರೆಯ ರಜೆಯಲ್ಲಿ ಮಕ್ಕಳೇ ಊರಿಗೆ ಬರುವರು. ಶರದಾರಂಭದ ಹೊತ್ತಿಗೆ ವರ್ಗಗಳು ನೆಲೆಗೊಂಡಿರುತ್ತವೆ, ಗುರುಗಳಿಗೆ ವಿದ್ಯಾರ್ಥಿಯ ಮುಖಪರಿಚಯ ಆಗಿರುತ್ತದೆ, ತಿದ್ದಿಕೊಳ್ಳಲು ಸಮಯವೂ ಉಳಿದಿರುತ್ತದೆ. ಮತ್ತೊಂದು ಲಾಭವುಂಟು: ಆಗತಾನೆ ದೊಡ್ಡ ಮಳೆ ಕಳೆದಿರುವುದರಿಂದ ವಸತಿಗೃಹದ ಯಾವ ಮಾಳಿಗೆ ಸೋರುತ್ತದೆ, ಯಾವ ಗೋಡೆ ಹಸಿಯಾಗಿದೆ, ಎಲ್ಲಿ ನೀರು ನಿಂತು ಸೊಳ್ಳೆ ಹುಟ್ಟಿವೆ ಎಂಬುದನ್ನು ಯಾರೂ ಮುಚ್ಚಿಡಲಾರರು. ಬೇಸಿಗೆಯಲ್ಲಿ ನೋಡಿದವನಿಗೆ ಇವು ಕಾಣಿಸವು.

ದಿನಗಳನ್ನು ಹೀಗೆ ಗೊತ್ತುಮಾಡಿಕೊಳ್ಳಬಹುದು. ಶನಿವಾರ ಮುಂಜಾನೆ ಹೊರಟು ಸಂಜೆಯೊಳಗೆ ಧಾರವಾಡ ಸೇರುವುದು. ರವಿವಾರ ಮಗುವಿನ ಸಂಗಡ ಕಳೆಯುವುದು. ಸೋಮವಾರ ಕಚೇರಿ, ಗ್ರಂಥಾಲಯ, ಗುರುಗಳ ಭೆಟ್ಟಿ ಮುಗಿಸಿ ಮರಳುವುದು. ರವಿವಾರವೊಂದನ್ನೇ ನೆಚ್ಚಿ ಹೋದವರಿಗೆ ಮುಚ್ಚಿದ ಬಾಗಿಲುಗಳ ದರ್ಶನವಾಗುವುದಷ್ಟೆ. ಗಣೇಶ ಚೌತಿ, ಮಹಾಲಯ ಅಮಾವಾಸ್ಯೆ, ಅಕ್ಟೋಬರ 2ರ ಗಾಂಧೀ ಜಯಂತಿ, ಇವುಗಳನ್ನು ಪಂಚಾಂಗದಲ್ಲಿ ಮೊದಲೇ ನೋಡಿಕೊಳ್ಳತಕ್ಕದ್ದು. ಮಗುವಿಗೆ ಕಿರುಪರೀಕ್ಷೆ ಯಾವಾಗ ಇದೆಯೆಂದು ಕೇಳಿಯೇ ದಿನವನ್ನು ನಿಶ್ಚಯಿಸತಕ್ಕದ್ದು. ತಿಳಿಸದೆ ಹೋಗಿ ಹಿಡಿಯುತ್ತೇವೆಂಬ ಬುದ್ಧಿ ಬೇಡ. ನಾವು ಹೋಗುವುದು ತಪಾಸಣೆಗೆ ಅಲ್ಲ, ತಿಳಿದುಕೊಳ್ಳುವುದಕ್ಕೆ.

ಬೇವೂರಿನಿಂದ ಬಾಗಲಕೋಟೆಗೆ ಬಂದ ಮೇಲೆ ಎರಡು ಹಾದಿಗಳಿವೆ. ಬಸ್ಸಿನಲ್ಲಿ ಕೆರೂರು, ಕುಳಗೇರಿ, ನರಗುಂದ, ನವಲಗುಂದಗಳ ಮೇಲೆ ಹುಬ್ಬಳ್ಳಿಗೆ. ಇಲ್ಲವೆ ರೈಲಿನಲ್ಲಿ ಬಾದಾಮಿ, ಗದಗುಗಳ ಮೇಲೆ ಹುಬ್ಬಳ್ಳಿಗೆ. ಮುದುಕರು ಜೊತೆಗಿದ್ದರೆ ರೈಲೇ ಹಿತ. 2023ರ ಜೂನದಿಂದ ಶಕ್ತಿ ಯೋಜನೆಯ ಪ್ರಕಾರ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೇಟಿನ ಹಣ ಬೇಕಿಲ್ಲವಾದುದರಿಂದ, “ಖರ್ಚು ಹೆಚ್ಚಾಗುವುದು, ಅವ್ವ ಮನೆಯಲ್ಲಿಯೇ ಇರಲಿ” ಎಂಬ ಹಳೆಯ ನೆವ ಈಗ ನಡೆಯದು. ಗುರುತಿನ ಚೀಟಿಯನ್ನು ಮಾತ್ರ ಮರೆಯಬಾರದು. ಹುಬ್ಬಳ್ಳಿಯಿಂದ ಧಾರವಾಡ ಸುಮಾರು 20 ಕಿಲೋಮೀಟರು. ಚಿಗರಿ ಬಸ್ಸುಗಳು ತಮ್ಮದೇ ಆದ ಪ್ರತ್ಯೇಕ ಮಾರ್ಗದಲ್ಲಿ ಓಡಾಡುತ್ತವೆ.

ಧಾರವಾಡವು ಸಮುದ್ರಮಟ್ಟದಿಂದ 700 ಮೀಟರಿಗಿಂತ ಮೇಲಿರುವ ಊರು. ಅದರ ಮೂಡಲಿಗೆ ನಮ್ಮಂಥ ಎರೆಯ ಬಯಲು, ಪಡುವಲಿಗೆ ಮಲೆನಾಡಿನ ಅಂಚು. ಆದುದರಿಂದ ನಮ್ಮಲ್ಲಿ ಬಿಸಿಲು ಬಿದ್ದಾಗಲೂ ಅಲ್ಲಿ ಜಿಟಿಜಿಟಿ ಮಳೆ ಹಿಡಿದಿರಬಹುದು. ಕೊಡೆಯನ್ನೂ ಒಂದು ದಪ್ಪ ಹೊದಿಕೆಯನ್ನೂ ಒಯ್ಯುವುದು ಲೇಸು. ಮಗುವಿಗೆ ಹೊದೆಯಲು ಸಾಕಷ್ಟಿದೆಯೇ ಎಂಬುದೂ ಆಗ ಗೊತ್ತಾಗುವುದು. ಬುತ್ತಿಯ ವಿಷಯದಲ್ಲಿ ತಾಯಂದಿರಿಗೆ ನಾವು ಹೇಳಬೇಕಾದುದಿಲ್ಲ. ಕಟಕ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಶೇಂಗಾ ಹೋಳಿಗೆ ಇವು ಬಹುದಿನ ಕೆಡದ ಪದಾರ್ಥಗಳು. ಕೋಣೆಯಲ್ಲಿರುವ ಇತರ ಮಕ್ಕಳ ಪಾಲನ್ನೂ ಕೂಡಿಸಿ ಕಟ್ಟಿದರೆ, ಮಗುವಿನ ಗೆಳೆತನಗಳು ಗಟ್ಟಿಯಾಗುವವು.

ಇನ್ನು ನೋಡತಕ್ಕ ಸಂಗತಿಗಳು. ಮೊದಲು ವಸತಿಗೃಹ: ಕುಡಿಯುವ ನೀರು, ಶೌಚಗೃಹ, ರಾತ್ರಿಯ ದೀಪ, ಬಾಗಿಲಿನ ಚಿಲಕ, ಕಾಲೇಜಿನಿಂದ ಬರುವ ದಾರಿ. ಆ ದಾರಿಯನ್ನು ಒಮ್ಮೆ ಸಂಜೆಯ ಹೊತ್ತಿನಲ್ಲಿ ಮಗಳೊಡನೆ ನಡೆದು ನೋಡಬೇಕು. ಸಾಧ್ಯವಾದರೆ ಒಂದು ಊಟವನ್ನು ಅಲ್ಲಿಯೇ ಉಣ್ಣಬೇಕು. ಬಾಲಿಕೆಯರ ವಸತಿಗೃಹಗಳಲ್ಲಿ ಭೆಟ್ಟಿಗೆ ಗೊತ್ತಾದ ಹೊತ್ತುಗಳಿರುತ್ತವೆ. ಅದು ನಮ್ಮ ಮಕ್ಕಳ ರಕ್ಷಣೆಗೇ ಇರುವ ನಿಯಮವೆಂದು ತಿಳಿದು ಬಾಗಿಲಲ್ಲಿ ಜಗಳ ಮಾಡಬಾರದು. ಬಳಿಕ ಗುರುಗಳ ಭೆಟ್ಟಿ. “ನಮ್ಮ ಹುಡುಗಿಗೆ ಎಷ್ಟು ಗುಣ ಬಂದಿವೆ?” ಎಂಬುದಕ್ಕಿಂತ “ಯಾವ ವಿಷಯ ಕಠಿಣವಾಗುತ್ತದೆ, ಮನೆಯಿಂದ ಆಗತಕ್ಕದ್ದೇನು?” ಎಂಬ ಪ್ರಶ್ನೆ ಹೆಚ್ಚು ಪ್ರಯೋಜನಕಾರಿ. ಕನ್ನಡ ಸಾಲೆಯಲ್ಲಿ ಓದಿ ಬಂದ ಎಷ್ಟೋ ಜಾಣ ಮಕ್ಕಳಿಗೆ ಮೊದಲ ವರುಷ ತೊಡಕಾಗುವುದು ಬುದ್ಧಿಯಲ್ಲಿ ಅಲ್ಲ, ಇಂಗ್ಲಿಷ್ ಪಾಠದಲ್ಲಿ. ಇದನ್ನು ಅರಿಯದ ಮನೆಯವರು ಕಡಿಮೆ ಗುಣಗಳನ್ನು ಕಂಡು ಮಗುವನ್ನೇ ದೂರುವರು.

ಇಲ್ಲಿ ತಾಯಂದಿರಿಗೆ ಒಂದು ಮಾತು. ಇಳಕಲ್ಲ ಸೀರೆಯುಟ್ಟು, ಹಳ್ಳಿಯ ಮಾತನ್ನಾಡುತ್ತ ಕಾಲೇಜಿನ ಹೊಸ್ತಿಲು ದಾಟುವುದು ಹೇಗೆಂದು ಅಂಜುವವರಿದ್ದಾರೆ. ಆ ಕಾಲೇಜುಗಳು ಹುಟ್ಟಿದ್ದೇ ನಿಮ್ಮಂಥ ಮನೆಗಳ ಮಕ್ಕಳಿಗಾಗಿ. ತಂದೆಗೆ ಹೇಳಲಾರದ ತೊಂದರೆಗಳನ್ನು ಮಗಳು ತಾಯಿಯ ಮಗ್ಗುಲಲ್ಲಿ ಮಲಗಿದಾಗ ಹೇಳುವಳು. ನೀವು ಹೋಗದಿದ್ದರೆ ಆ ಪ್ರಯಾಣವು ಅರ್ಧವಾದಂತೆ.

ಕುಂದು ಕಂಡುಬಂದರೆ ಏನು ಮಾಡುವುದು? ಮಗುವನ್ನು ಗಂಟುಮೂಟೆಯೊಡನೆ ಕರೆತರುವುದು ಉಪಾಯವಲ್ಲ. ವಸತಿಗೃಹದ ಮೇಲ್ವಿಚಾರಕರಿಗೆ ಸಮಾಧಾನದಿಂದ ಹೇಳಿ, ಅದನ್ನೇ ಬರೆದೂ ಕೊಡಬೇಕು. ಆಡಿದ ಮಾತು ಮರೆತು ಹೋಗುವುದು, ಬರೆದ ಕಾಗದ ಉಳಿಯುವುದು. ಅಷ್ಟಕ್ಕೂ ಸರಿಹೋಗದಿದ್ದರೆ ಬೇರೆ ವಸತಿಯನ್ನು ವಿಚಾರಿಸಬೇಕು. ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಇಲಾಖೆಗಳ ವಿದ್ಯಾರ್ಥಿನಿಲಯಗಳುಂಟು. ಅವುಗಳ ಅರ್ಜಿಯ ಕಾಲವನ್ನು ಈಗಲೇ ಕೇಳಿಟ್ಟುಕೊಂಡರೆ ಮುಂದಿನ ವರುಷಕ್ಕೆ ಅನುಕೂಲ. ಬಡ ಹುಡುಗರಿಗೆ ಅನ್ನವಿಕ್ಕಿ ಓದಿಸಿದ ಮುರುಘಾಮಠದ ಪ್ರಸಾದನಿಲಯದ ಹೆಸರನ್ನು ಈ ನಾಡಿನಲ್ಲಿ ಕೇಳದವರಾರು? ಊರನ್ನು ಬಿಡಿಸುವ ಮೊದಲು ಊರೊಳಗಿನ ಬೇರೆ ಬಾಗಿಲುಗಳನ್ನು ತಟ್ಟಿ ನೋಡುವುದು ವಿವೇಕ.

ಇಷ್ಟಾದ ಮೇಲೆ ಊರು ನೋಡಲು ಅಡ್ಡಿಯಿಲ್ಲ; ದಾರಿ ತೋರಿಸುವ ಭಾರ ಮಗುವಿನದೇ ಇರಲಿ. ಸಾಧನಕೇರಿಯಲ್ಲಿ ಬೇಂದ್ರೆಯವರ ಮನೆ, ಮಲ್ಲಿಕಾರ್ಜುನ ಮನಸೂರರ ಮನೆಯಾದ ‘ಮೃತ್ಯುಂಜಯ’, 1890ರಿಂದ ಕನ್ನಡದ ಕೆಲಸ ನಡೆಸಿಬಂದ ಕರ್ನಾಟಕ ವಿದ್ಯಾವರ್ಧಕ ಸಂಘ, ಶಾಲ್ಮಲೆಯು ಹುಟ್ಟುವ ಸೋಮೇಶ್ವರ, ಇವು ದಣಿವಿಲ್ಲದೆ ನೋಡಬಹುದಾದ ಸ್ಥಳಗಳು. 1933ರಲ್ಲಿ ಜಿ.ಬಿ. ಜೋಶಿಯವರು ಆರಂಭಿಸಿದ ಮನೋಹರ ಗ್ರಂಥಮಾಲೆಯ ಅಟ್ಟವನ್ನೇರಿ ಒಂದು ಪುಸ್ತಕವನ್ನು ಕೊಂಡರೆ ಮನೆಗೂ ಒಳ್ಳೆಯದು. ಒಕ್ಕಲಿಗರಿಗೆ ವಿಶೇಷವೆಂದರೆ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳ. ಅದು ಹೆಚ್ಚಾಗಿ ಸಪ್ಟೆಂಬರದಲ್ಲಿಯೇ ಕೂಡುವುದರಿಂದ, ಆ ವರುಷದ ದಿನಾಂಕಗಳನ್ನು ತಿಳಿದು ಹೋದವರಿಗೆ ಹಿಂಗಾರಿಯ ಬೀಜವನ್ನೂ ಹೊಸ ಸಲಕರಣೆಗಳನ್ನೂ ಬಿತ್ತಿಗೆಯ ಮುಂಚೆ ನೋಡುವ ಸದವಕಾಶವಾಗುವುದು. ಆದರೆ ಮೇಳದ ಸಂಭ್ರಮದಲ್ಲಿ ಮಗುವಿನ ಭೆಟ್ಟಿಯು ಎರಡನೆಯ ಕೆಲಸವಾಗಬಾರದು. ಲೈನ್ ಬಜಾರದ ಪೇಢೆಯನ್ನು ಎಲ್ಲಕ್ಕೂ ಕಡೆಗೆ ಕೊಳ್ಳಿರಿ.

ಬರುವಾಗ ಮಗುವಿನ ಕೈಯಲ್ಲಿ ಹಣ ಇಟ್ಟು ಬರುವುದು ರೂಢಿ. ಅದರೊಡನೆ ಒಂದು ಮಾತನ್ನೂ ಇಟ್ಟು ಬರಬೇಕು: ತೊಂದರೆ ಬಂದಾಗ ಮೊದಲು ಮನೆಗೆ ತಿಳಿಸು, ತಿಳಿಸಿದ್ದಕ್ಕಾಗಿ ನಿನ್ನ ಓದನ್ನು ನಿಲ್ಲಿಸುವುದಿಲ್ಲ ಎಂದು. ಹೇಳಿದರೆ ಊರಿಗೆ ಕರೆದೊಯ್ಯುವರೆಂಬ ಭಯವೇ ಎಷ್ಟೋ ಹೆಣ್ಣುಮಕ್ಕಳ ಬಾಯಿ ಕಟ್ಟಿದೆ. ಆ ಭಯವನ್ನು ಕಳೆಯುವ ಶಕ್ತಿ ದೂರದ ಮಾತಿಗಿಲ್ಲ. ಎದುರಿಗೆ ಕುಳಿತು, ಆಕೆಯ ಕೋಣೆಯನ್ನು ಕಂಡು, ಆಕೆಯ ಅನ್ನವನ್ನು ಉಂಡು ಆಡಿದ ಮಾತಿಗೆ ಇದೆ.