ಮಗಳು ಆರ್ಕಿಟೆಕ್ಟ್ ಆಗಬೇಕೆಂದರೆ



ದೊಡ್ಡಬಳ್ಳಾಪುರ ತಾಲೂಕಿನ ತೂಬಗೆರೆಯಿಂದ ಒಬ್ಬ ತಾಯಿ ಪತ್ರ ಬರೆದಿದ್ದಾರೆ. ಅವರ ಮಗಳು ಈ ಸಲ ಎಸ್ಸೆಸ್ಸೆಲ್ಸಿ ಮುಗಿಸಿದ್ದಾಳೆ. ಹಳೆಯ ಮನೆ ಕೆಡವಿ ಹೊಸದು ಕಟ್ಟಲು ಮೇಸ್ತ್ರಿ ನಕ್ಷೆ ತಂದಿದ್ದರು. ಹುಡುಗಿ ಅದನ್ನು ನೋಡಿ, “ಅಮ್ಮಿ, ಈ ಮನೆಯಲ್ಲೂ ನಿಮ್ಮ ಅಡುಗೆಮನೆಗೆ ಕಿಟಕಿ ಇಲ್ಲ” ಎಂದಳಂತೆ. ತಾನೇ ಪೆನ್ಸಿಲ್ ಹಿಡಿದು ಬೇರೊಂದು ನಕ್ಷೆಯನ್ನೂ ಬರೆದಳಂತೆ. ಈಗ ಆರ್ಕಿಟೆಕ್ಟ್ ಆಗುತ್ತೇನೆಂದು ಹಟ ಹಿಡಿದಿದ್ದಾಳೆ. ಬಂಧುಗಳು ಕಾಮರ್ಸ್ ಸಾಕು ಎನ್ನುತ್ತಾರೆ. ತಂದೆಗೆ ಮದುವೆಗೆಂದು ಕೂಡಿಟ್ಟ ಹಣದ ಚಿಂತೆ. “ಆಪಾ, ನಾನು ಏನು ಮಾಡಲಿ?” ಎಂದು ಆ ತಾಯಿ ಕೇಳಿದ್ದಾರೆ.

ಇದು ಅವರೊಬ್ಬರ ಪ್ರಶ್ನೆಯಲ್ಲ. ಆದ್ದರಿಂದ ಉತ್ತರವನ್ನು ಎಲ್ಲ ತಾಯಂದಿರಿಗೂ ಬರೆಯುತ್ತಿದ್ದೇನೆ.

ಮೊದಲನೆಯದಾಗಿ, ಮನೆಯ ನಕ್ಷೆ ಬರೆಯುವವರೆಲ್ಲ ಆರ್ಕಿಟೆಕ್ಟ್ ಅಲ್ಲ. 1972ರ ವಾಸ್ತುಶಿಲ್ಪಿಗಳ ಕಾಯಿದೆಯ ಪ್ರಕಾರ ವಾಸ್ತುಶಿಲ್ಪ ಮಂಡಳಿಯಲ್ಲಿ ಹೆಸರು ನೋಂದಾಯಿಸಿದವರು ಮಾತ್ರ ಹಾಗೆ ಕರೆದುಕೊಳ್ಳಬಹುದು. ಕಾಯಿದೆಯ ರಕ್ಷಣೆ ಇರುವುದು ಆ ಹೆಸರಿಗೆ, ನಕ್ಷೆ ಬರೆಯುವ ಕೆಲಸಕ್ಕಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ನಕ್ಷೆ ಬರೆಯಲು ಕಲಿತರಷ್ಟೇ ಸಾಲದು, ನೋಂದಣಿಯ ಅರ್ಹತೆಯೂ ಸಿಗಬೇಕು. ಅದಕ್ಕೆ ಐದು ವರ್ಷಗಳ ಬಿ.ಆರ್ಕ್ ಪದವಿ ಬೇಕು.

ಆ ಪದವಿಯ ಬಾಗಿಲು ತೆರೆಯುವುದೂ ಮುಚ್ಚುವುದೂ ಎಸ್ಸೆಸ್ಸೆಲ್ಸಿ ಮುಗಿದ ಈ ದಿನಗಳಲ್ಲೇ. ಪಿಯುಸಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಇರಲೇಬೇಕು. “ಹೆಣ್ಣು ಮಗುವಿಗೆ ಗಣಿತ ಕಷ್ಟ” ಎಂದು ಈಗ ಬಿಡಿಸಿದರೆ, ಎರಡು ವರ್ಷಗಳ ನಂತರ ನೀವು ಮನಸ್ಸು ಬದಲಿಸಿದರೂ ಪ್ರಯೋಜನವಿಲ್ಲ. ಗಣಿತವಿರುವ ಮೂರು ವರ್ಷಗಳ ಡಿಪ್ಲೊಮಾ ಇನ್ನೊಂದು ದಾರಿ. ಆದರೆ ಡಿಪ್ಲೊಮಾ ಮಾಡಿದವರೂ ಬಿ.ಆರ್ಕ್‌ನ ಮೊದಲ ವರ್ಷದಿಂದಲೇ ಓದಬೇಕು ಎಂಬುದು ನೆನಪಿರಲಿ.

ಪಿಯುಸಿಯ ಎರಡನೆಯ ವರ್ಷದಲ್ಲಿ ‘ನಾಟಾ’ ಪರೀಕ್ಷೆ ಬರೆಯಬೇಕು. 2006ರಿಂದ ಈ ಪರೀಕ್ಷೆ ನಡೆಯುತ್ತಿದೆ. ಇದರಲ್ಲಿ ಚಿತ್ರ ಬರೆಯುವ ಭಾಗವೂ ಇದೆ, ಗಮನಿಸಿ ನೋಡುವ ಶಕ್ತಿಯನ್ನೂ ತರ್ಕವನ್ನೂ ಅಳೆಯುವ ಭಾಗವೂ ಇದೆ. ನಮ್ಮ ರಾಜ್ಯದಲ್ಲಿ ಸರ್ಕಾರಿ ಕೋಟಾದ ಸೀಟು ಹಂಚುವುದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ. ನಾಟಾ ಬರೆದರೆ ಸಾಕೆಂದು ಸುಮ್ಮನಿರಬೇಡಿ, ಪ್ರಾಧಿಕಾರಕ್ಕೂ ಬೇರೆಯಾಗಿ ಅರ್ಜಿ ಹಾಕಬೇಕು. ರ್‍ಯಾಂಕ್ ನೀಡುವಾಗ ನಾಟಾ ಅಂಕ ಮತ್ತು ಪಿಯುಸಿ ಅಂಕ ಎರಡನ್ನೂ ಸೇರಿಸುತ್ತಾರೆ. ಅರ್ಹತೆಯ ನಿಯಮಗಳು ಬದಲಾಗುತ್ತಿರುವುದರಿಂದ ಆಯಾ ವರ್ಷದ ಕೈಪಿಡಿಯನ್ನೇ ನೋಡಿರಿ.

ಕಾಲೇಜು ಆರಿಸುವಾಗ ಕಟ್ಟಡದ ಅಂದ ನೋಡಿ ಮರುಳಾಗಬೇಡಿ. ಆ ಕಾಲೇಜಿಗೆ ವಾಸ್ತುಶಿಲ್ಪ ಮಂಡಳಿಯ ಅನುಮೋದನೆ ಇದೆಯೇ ಎಂದು ಮಂಡಳಿಯ ಪಟ್ಟಿಯಲ್ಲೇ ನೋಡಿಕೊಳ್ಳಿ. ಮಾನ್ಯತೆ ಇಲ್ಲದ ಪದವಿಗೆ ನೋಂದಣಿ ಸಿಗುವುದಿಲ್ಲ. ಹಣವೂ ಐದು ವರ್ಷವೂ ನೀರಿನಲ್ಲಿ ಹೋಮ ಮಾಡಿದಂತಾಗುತ್ತದೆ.

ಓದು ಸುಲಭವೆಂದು ನಾನು ಹೇಳಲಾರೆ. ರಾತ್ರಿ ಬಹಳ ಹೊತ್ತು ಕುಳಿತು ನಕ್ಷೆ, ಮಾದರಿಗಳನ್ನು ತಯಾರಿಸಬೇಕಾಗುತ್ತದೆ. ಶುಲ್ಕದ ಜೊತೆಗೆ ಕಾಗದ, ಬಣ್ಣ, ಕಂಪ್ಯೂಟರಿನ ಖರ್ಚೂ ಇದೆ. ತೂಬಗೆರೆಯಿಂದ ಬೆಂಗಳೂರಿಗೆ ದಿನವೂ ಓಡಾಡಿ ಇದನ್ನೆಲ್ಲ ಮಾಡುವುದು ಕಷ್ಟ, ಹಾಸ್ಟೆಲ್‌ನ ವಿಚಾರವನ್ನು ಮೊದಲೇ ಯೋಚಿಸಿರಿ. ಪ್ರಾಧಿಕಾರದ ಮೂಲಕ ಸೀಟು ಸಿಕ್ಕ ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗೆ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಶೈಕ್ಷಣಿಕ ಸಾಲವಿದೆ. ಅದಕ್ಕೆ ಆದಾಯದ ಮಿತಿ ಉಂಟು. ನಿಗಮದ ಜಿಲ್ಲಾ ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳಿರಿ.

ಕೋರ್ಸಿನ ಒಂದು ಸೆಮಿಸ್ಟರ್ ಆರ್ಕಿಟೆಕ್ಟ್ ಒಬ್ಬರ ಕಚೇರಿಯಲ್ಲಿ ತರಬೇತಿ ಇರುತ್ತದೆ. ಪದವಿ ಕೈಗೆ ಬಂದ ಮೇಲೆ ಮಂಡಳಿಗೆ ಅರ್ಜಿ ಸಲ್ಲಿಸಬೇಕು. ನಮ್ಮ ದೇಶದಲ್ಲಿ ಲೈಸೆನ್ಸಿಗೆಂದು ಮತ್ತೊಂದು ಪರೀಕ್ಷೆ ಇಲ್ಲ. ನೋಂದಣಿ ಸಂಖ್ಯೆ ಸಿಕ್ಕಿದ ದಿನವೇ ನಿಮ್ಮ ಮಗಳು ಆರ್ಕಿಟೆಕ್ಟ್. ಆಮೇಲೆ ನೋಂದಣಿಯನ್ನು ನವೀಕರಿಸುತ್ತಿರಬೇಕು.

“ಹುಡುಗಿ ಮೇಸ್ತ್ರಿಗಳ ನಡುವೆ ನಿಲ್ಲುವುದೇ?” ಎಂದು ಕೇಳುವವರಿದ್ದಾರೆ. ಪಾಕಿಸ್ತಾನದ ಮೊದಲ ಮಹಿಳಾ ಆರ್ಕಿಟೆಕ್ಟ್ ಯಾಸ್ಮೀನ್ ಲಾರಿ ದೊಡ್ಡ ದೊಡ್ಡ ಕಟ್ಟಡಗಳನ್ನು ಕಟ್ಟಿದವರು. 2005ರ ಭೂಕಂಪದ ನಂತರ ಅವರು ಮಣ್ಣು, ಸುಣ್ಣ, ಬಿದಿರಿನಿಂದ ಬಡವರ ಮನೆ ಕಟ್ಟುವ ಕೆಲಸಕ್ಕೆ ಇಳಿದರು. ಹಳ್ಳಿಯ ಹೆಂಗಸರು ತಾವೇ ಮಣ್ಣು ಸುಣ್ಣದಲ್ಲಿ ಕಟ್ಟಿಕೊಳ್ಳಬಹುದಾದ, ಹೊಗೆ ಕಾಡದ ಒಲೆಯನ್ನೂ ರೂಪಿಸಿದರು. 2023ರಲ್ಲಿ ಬ್ರಿಟನ್ನಿನ ರಾಯಲ್ ಚಿನ್ನದ ಪದಕ ಅವರಿಗೆ ಬಂತು. ಬೆಂಗಳೂರಿನಲ್ಲೇ ಚಿತ್ರಾ ವಿಶ್ವನಾಥ್ ಅವರು ಮಣ್ಣಿನ ಮನೆಗಳಿಗೆ ಹೆಸರಾಗಿದ್ದಾರೆ.

ಅಡುಗೆಮನೆಯ ಹೊಗೆ ಕುಡಿಯುವವರು ನಾವು. ಕಿಟಕಿ ಎಲ್ಲಿರಬೇಕೆಂದು ನಮ್ಮನ್ನು ಕೇಳಿದವರು ಎಷ್ಟು ಮಂದಿ? ತೂಬಗೆರೆಯ ಆ ಹುಡುಗಿ ಯಾರೂ ಹೇಳಿಕೊಡದೆ ಅದನ್ನು ಗಮನಿಸಿದ್ದಾಳೆ. ಈ ಓದಿಗೆ ಬೇಕಾದ ಮುಖ್ಯ ಗುಣವೇ ಅದು.

ಆ ತಾಯಿಗೆ ನನ್ನ ಸಲಹೆ ಇಷ್ಟೇ. ಐದು ವರ್ಷಗಳ ತೀರ್ಮಾನವನ್ನು ಇಂದೇ ಮಾಡಬೇಕಾಗಿಲ್ಲ. ಮದುವೆಯ ಹಣವನ್ನೂ ಈಗಲೇ ಮುಟ್ಟಬೇಕಾಗಿಲ್ಲ. ಪಿಯುಸಿ ಅರ್ಜಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತವಿರುವ ವಿಭಾಗವನ್ನು ಬರೆಸಿರಿ. ಮಗಳ ನಕ್ಷೆಯನ್ನು ಅವಳ ತಂದೆಯ ಮುಂದೆ ಬಿಡಿಸಿಟ್ಟು, ಅವಳ ಬಾಯಿಂದಲೇ ವಿವರಿಸಲು ಹೇಳಿರಿ. ತಳಪಾಯ ಹಾಕುವ ಮೊದಲು ಮೇಸ್ತ್ರಿಯೂ ಅದನ್ನೊಮ್ಮೆ ನೋಡಲಿ.