ಯಾವ ಫೈಲು ಯಾವತ್ತು ಬಂತು?

ಕಂಪ್ಯೂಟರ್ ಒಂದೊಂದು ಫೈಲಿಗೂ ಒಂದಲ್ಲ, ಎರಡು ಮೂರು ತಾರೀಖು ಬರೆದಿಡುತ್ತದೆ. ಮಕ್ಕಳೇ, ಇದನ್ನು ತಾತನನ್ನೋ ಅಜ್ಜಿಯನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಓದಿ.

ಯಲಹಂಕದ ಪುಟ್ಟೇನಹಳ್ಳಿ ಕೆರೆ (ಜೆ.ಪಿ. ನಗರದ ಪುಟ್ಟೇನಹಳ್ಳಿ ಬೇರೆ) 2015ರಿಂದ ಪಕ್ಷಿ ಸಂರಕ್ಷಣಾ ಮೀಸಲು. ಬಣ್ಣದ ಕೊಕ್ಕರೆ, ಹಾವಕ್ಕಿಗಳು ಅಲ್ಲಿ ಗೂಡು ಕಟ್ಟುತ್ತವೆ. ನಮ್ಮ ಬೀದಿಯ ತಾತ ಒಬ್ಬರು ಎಂಟು ವರ್ಷದಿಂದ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಬೆಳಿಗ್ಗೆ ಅಲ್ಲಿಗೇ ಹೋಗುತ್ತಾರೆ. ಏಳನೇ ಕ್ಲಾಸಿನ ಮೊಮ್ಮಗಳಿಗೆ ಶಾಲೆಯ ಪ್ರಾಜೆಕ್ಟು: ಕೊಕ್ಕರೆ ಗೂಡಿಗೆ ಮೊದಲ ಕಡ್ಡಿ ತರುವುದು ಯಾವ ತಿಂಗಳು? ಫೋಲ್ಡರ್ ತೆಗೆದು ನೋಡಿದರೆ ಸಾವಿರಾರು ಫೋಟೊಗೂ ಒಂದೇ ತಾರೀಖು, ಹೊಸ ಕಂಪ್ಯೂಟರ್ ಕೊಂಡ ದಿನದ್ದು! ಎಂಟು ವರ್ಷದ ಲೆಕ್ಕವೆಲ್ಲ ಹೋಯಿತೆಂದು ತಾತ ಊಟ ಬಿಟ್ಟು ಕೂತಿದ್ದರು.

ಹೋಗಿರಲಿಲ್ಲ. ಅವರು ನೋಡುತ್ತಿದ್ದದ್ದು ‘ಡೇಟ್ ಕ್ರಿಯೇಟೆಡ್’. ವಿಂಡೋಸ್‌ನಲ್ಲಿ ಒಂದು ಫೈಲನ್ನು ಕಾಪಿ ಮಾಡಿದರೆ, ಕಾಪಿ ಮಾಡಿದ ದಿನವೇ ಅದರ ಹುಟ್ಟಿದ ದಿನವಾಗುತ್ತದೆ. ‘ಡೇಟ್ ಮಾಡಿಫೈಡ್’ ಮಾತ್ರ ಹಳೆಯದೇ ಉಳಿಯುತ್ತದೆ. ಅಂದರೆ ತಿದ್ದಿದ್ದು ಮೊದಲು, ಹುಟ್ಟಿದ್ದು ಆಮೇಲೆ! ವಿಚಿತ್ರ ಅನ್ನಿಸಿದರೂ ಇದರಿಂದ ಉಪಯೋಗವಿದೆ. ಹೊಸದಾಗಿ ಏನೇನು ಬಂದಿದೆ ಎಂದು ತಿಳಿಯಬೇಕಾದರೆ ‘ಕ್ರಿಯೇಟೆಡ್’ ಪ್ರಕಾರ ಜೋಡಿಸಿ. ಇವತ್ತು ಬಂದದ್ದು ಮೇಲೆ ನಿಲ್ಲುತ್ತದೆ. ‘ರೀಸೆಂಟ್’ ಪಟ್ಟಿಯನ್ನು ನಂಬಬೇಡಿ. ಅದು ನೀವು ಈಚೆಗೆ ತೆರೆದ ಫೈಲುಗಳನ್ನು ತೋರಿಸುತ್ತದೆ, ಈಚೆಗೆ ಬಂದವನ್ನಲ್ಲ.

ಫೋಟೊ ತೆಗೆದ ಗಳಿಗೆಯನ್ನು ಕ್ಯಾಮೆರಾ ಚಿತ್ರದ ಒಳಗೇ ಬರೆದಿರುತ್ತದೆ. ಪಟ್ಟಿಯ ತಲೆಸಾಲಿನ ಮೇಲೆ ಮೌಸಿನ ಬಲಗುಂಡಿ ಒತ್ತಿ ‘ಡೇಟ್ ಟೇಕನ್’ ಆರಿಸಿದೆವು. ವರ್ಷ ವರ್ಷದ ಕೊಕ್ಕರೆಗಳು ಸಾಲಾಗಿ ಬಂದು ಕೂತವು. ತಾತ ಎದ್ದು ಊಟಕ್ಕೆ ಹೋದರು.

ಆದರೆ ಗೆಳೆಯರು ವಾಟ್ಸ್ಯಾಪ್‌ನಲ್ಲಿ ಕಳಿಸಿದ ಚಿತ್ರಗಳಲ್ಲಿ ಆ ತಾರೀಖು ಇರಲಿಲ್ಲ. ಫೋಟೊ ಎಂದು ಕಳಿಸಿದರೆ ವಾಟ್ಸ್ಯಾಪ್ ಒಳಗಿನ ಬರಹವನ್ನು ಅಳಿಸಿಬಿಡುತ್ತದೆ. ‘ಡಾಕ್ಯುಮೆಂಟ್’ ಎಂದು ಕಳಿಸಿದರೆ ಉಳಿಯುತ್ತದೆ. ಇನ್ನು ಮೇಲೆ ಗೆಳೆಯರಿಗೆ ಹಾಗೇ ಕಳಿಸಲು ಹೇಳಿ.

ಹೆಸರಿಡುವುದರಲ್ಲೂ ಒಂದು ಉಪಾಯವಿದೆ. ನಾವು ದಿನ, ತಿಂಗಳು, ವರ್ಷ ಎಂದು ಬರೆಯುವವರು. ಕಂಪ್ಯೂಟರ್ ಹೆಸರನ್ನು ಎಡದಿಂದ ಓದಿ ಜೋಡಿಸುವುದರಿಂದ 03-11-2024ರ ಪಕ್ಕದಲ್ಲಿ 03-12-2018 ಬಂದು ಕೂರುತ್ತದೆ. 2024-11-03 ಎಂದು ವರ್ಷ ಮೊದಲು ಬರೆದರೆ ಎಲ್ಲವೂ ತಾನಾಗಿ ಸರದಿಯಲ್ಲಿ ನಿಲ್ಲುತ್ತವೆ. ಇದು 1988ರಲ್ಲಿ ಬಂದ ಅಂತರರಾಷ್ಟ್ರೀಯ ಪದ್ಧತಿ; ಐಎಸ್‌ಒ 8601 ಎಂದು ಹೆಸರು. ಪಿಂಚಣಿ ಕಾಗದ, ಕರೆಂಟು ಬಿಲ್ಲು, ಮಾರ್ಕ್ಸ್ ಕಾರ್ಡು ಯಾವುದೇ ಬರಲಿ, ಬಂದ ದಿನವೇ ಹೀಗೆ ಹೆಸರಿಡಿ.

ಆಫೀಸಿನಲ್ಲಿ ಕೆಲಸ ಮಾಡಿದ ತಾತಂದಿರಿಗೆ ಇನ್‌ವರ್ಡ್ ರಿಜಿಸ್ಟರ್ ನೆನಪಿರುತ್ತದೆ: ಬಂದ ದಿನ, ಯಾರಿಂದ, ಏನು, ಎಲ್ಲಿಟ್ಟಿದೆ. ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಅದೇ ನಾಲ್ಕು ಗೆರೆ ಎಳೆದು ಕಂಪ್ಯೂಟರ್ ಪಕ್ಕ ಇಡಿ. ಬರೆಯುವ ಕೆಲಸ ತಾತನದು, ಫೈಲು ಹುಡುಕಿ ಕೊಡುವುದು ಮೊಮ್ಮಕ್ಕಳದು.