ಆರ್ಚಿಗೆ ಯಾರ ಮುಖ?
ಬೆಂಗಳೂರಿನಿಂದ ಟೇಕಲ್ ದಾಟಿ, ಬಂಗಾರಪೇಟೆಯಲ್ಲಿ ಕವಲೊಡೆದು ಮಾರಿಕುಪ್ಪಂ ಮುಟ್ಟುವ ರೈಲುಹಾದಿಗೆ ಆಂಗ್ಲೋ ಇಂಡಿಯನ್ನರ ಚರಿತ್ರೆ ಅಂಟಿಕೊಂಡಿದೆ. ವೈಟ್‌ಫೀಲ್ಡ್ 1882ರಲ್ಲಿ ಹುಟ್ಟಿದ್ದೇ ಅವರ ನೆಲೆಯಾಗಿ; ಕೋಲಾರ ಜಿಲ್ಲೆಯ ಕೆಜಿಎಫ್‌ನ ಚಿನ್ನದ ಗಣಿಗಳಲ್ಲೂ ಅವರು ತಲೆಮಾರುಗಳ ಕಾಲ ದುಡಿದರು. ಹಾಗಾಗಿ ಜೋಯಾ ಅಖ್ತರ್ 2023ರಲ್ಲಿ ಅಮೆರಿಕದ ಆರ್ಚಿ ಕಾಮಿಕ್ಸನ್ನು ತೆರೆಗೆ ತಂದಾಗ, ಅದರ ಬಿಳಿಯ ಹುಡುಗ ಹುಡುಗಿಯರನ್ನು 1964ರ ಆಂಗ್ಲೋ ಇಂಡಿಯನ್ನರನ್ನಾಗಿ ಮಾಡಿದ್ದು ಕೋಲಾರದವರಿಗೂ ಸಂಬಂಧಪಟ್ಟ ಸಂಗತಿ. ಆ ಬದಲಾವಣೆ ಸರಿಯಾದದ್ದೇ: ಹೆಸರುಗಳು ಹಾಗೇ ಉಳಿದವು, ಕಥೆ ಈ ನೆಲಕ್ಕೆ ಬಂತು. ತೊಡಕಿರುವುದು ಪಾತ್ರಹಂಚಿಕೆಯಲ್ಲಿ. ಆರ್ಚಿ, ವೆರೋನಿಕಾ, ಬೆಟ್ಟಿ ಈ ಮೂರೂ ಪಾತ್ರ ಅಮಿತಾಭ್ ಬಚ್ಚನ್, ಶಾರುಖ್ ಖಾನ್, ಶ್ರೀದೇವಿ ಮನೆತನಗಳ ಮಕ್ಕಳ ಪಾಲಾದವು. ನಟನೆಯೆಂದರೆ ಇನ್ನೊಬ್ಬರಾಗುವುದು, ಕುಲ ಕೇಳಿ ಬಣ್ಣ ಹಚ್ಚಿದರೆ ಕಲೆ ಬಡವಾಗುತ್ತದೆ ಎನ್ನುವ ಆಕ್ಷೇಪಕ್ಕೆ ತೂಕವಿದೆ, ಒಪ್ಪುತ್ತೇನೆ. ಆದರೆ ಆ ಸ್ವಾತಂತ್ರ್ಯ ಎರಡೂ ಕಡೆಗೆ ದಕ್ಕಬೇಕು. ಹಿಂದಿ ಸಿನಿಮಾ ಬಹುಕಾಲ ಈ ಸಮುದಾಯದ ಹೆಣ್ಣನ್ನು ಕ್ಯಾಬರೆ ನರ್ತಕಿಯಾಗಿ, ಖಳನ ಗೆಳತಿಯಾಗಿಯೇ ಹೆಚ್ಚಾಗಿ ತೋರಿಸಿತು. ಗೌರವದ ಮುಖ್ಯ ಪಾತ್ರಗಳು ಕೊನೆಗೂ ಬಂದಾಗ ಸಿರಿವಂತ ಸಿನಿಮಾ ಮನೆಗಳಿಗೆ ಹೋದವು. ಚಿತ್ರದ ಊರೇ ಕಾಲ್ಪನಿಕ, ಈ ಲೆಕ್ಕವೇಕೆ ಎನ್ನಬಹುದು. ಊರು ಕಾಲ್ಪನಿಕ, ಜನ ಅಲ್ಲ. ಅವರು ದುಡಿದ ಗಣಿ 2001ರಲ್ಲಿ ಮುಚ್ಚಿತು, ಶಾಸನಸಭೆಗಳಲ್ಲಿ ಅವರಿಗಿದ್ದ ನಾಮನಿರ್ದೇಶನದ ಸ್ಥಾನವೂ 2020ರಲ್ಲಿ ಹೋಯಿತು. ಇಷ್ಟು ಕಳೆದುಕೊಂಡವರ ಕಥೆ ಹೇಳಹೊರಟ ಚಿತ್ರ ಆ ಮೂರರಲ್ಲಿ ಒಂದು ಪಾತ್ರವನ್ನಾದರೂ ಅವರ ಮಕ್ಕಳಿಗೆ ಕೊಡಬೇಕಿತ್ತು.